ಹೂಂ ಅನ್ನುವವಳು

ಸುಂದರವ್ವನ ಕಥೆಗಳಿಗೆ ಎರಡು ಬಾಯಿ. ಹೇಳುವ ಬಾಯಿ ಅವಳದು, ಹೂಂ ಅನ್ನುವ ಬಾಯಿ ಸೀತವ್ವನದು. ಹೂಂ ಬರಲಿಲ್ಲವೆಂದರೆ ಕಥೆ ಅಲ್ಲೇ ನಿಂತುಬಿಡುತ್ತಿತ್ತು. ಕುದುರೆಯ ರಿಕಾಪಿಗೆ ಕಾಲು ಕೊಟ್ಟ ರಾಜಕುಮಾರ ಒಂಟಿಗಾಲಲ್ಲಿ ಕಾಯುತ್ತಿದ್ದ, ನುಂಗಲು ಬಾಯಿ ತೆರೆದ ರಕ್ಕಸಿ ತೆರೆದ ಬಾಯಲ್ಲೇ ಇರುತ್ತಿದ್ದಳು. ಸೀತವ್ವ ಬಾಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿ 'ಹೂಂ' ಅಂದ ಮೇಲೆಯೇ ಲೋಕ ಮತ್ತೆ ನಡೆಯುತ್ತಿತ್ತು.

ಬೈಲಹೊಂಗಲದ ಅವರ ಮನೆಯ ಪಡಸಾಲೆಯಲ್ಲಿ ಮೊಮ್ಮಗಳು ಭಾಗೀರಥಿ ಬೆಳೆದದ್ದೇ ಈ ಎರಡು ದನಿಗಳ ನಡುವೆ. ಆಯಿ, ಅಂದರೆ ಅಜ್ಜಿ ಸುಂದರವ್ವ, ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಹೊಸ್ತಿಲ ಆಚೆ ಕಟ್ಟೆಯ ಮೇಲೆ ಸೀತವ್ವ. ಅವಳು ಇವರ ಹೊಲದ ಕೆಲಸಕ್ಕೆ ಬರತೊಡಗಿದ್ದು ಭಾಗೀರಥಿಯ ಅಪ್ಪ ಇನ್ನೂ ಚಡ್ಡಿ ಹಾಕುತ್ತಿದ್ದ ಕಾಲಕ್ಕೆ. ಅವಳ ಚಹಾದ ಕಪ್ಪು ಹಿತ್ತಲ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಅದು ಯಾಕೆ ಅಲ್ಲಿದೆ ಎಂದು ಭಾಗೀರಥಿ ಒಂದು ದಿನವೂ ಕೇಳಿರಲಿಲ್ಲ. ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕರಿಮಣ್ಣಿನ ಕೆಸರು ದಾಟಿಸುತ್ತಿದ್ದವಳು ಇದೇ ಸೀತವ್ವ. ಆಗ ಹೆಗಲ ಮೇಲಿನ ಹುಡುಗಿಗೆ ತಾನು ಆನೆಯ ಮೇಲೆ ಹೊರಟ ರಾಣಿ ಅನ್ನಿಸುತ್ತಿತ್ತು.

ಎರಡು ಸಾವಿರದ ಐದನೇ ಇಸವಿಯಲ್ಲಿ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು. ಬಿ.ಎ. ಮುಗಿಸಿ, ಬಸ್ ಸ್ಟ್ಯಾಂಡ್ ಹತ್ತಿರದ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಕನಸು ಕಾಣುತ್ತ ಕೂತಿದ್ದ ಭಾಗೀರಥಿಗೂ ಅದರ ಜೊತೆಗೆ ಒಂದು ತಾತ್ಕಾಲಿಕ ಕೆಲಸ ಬಂತು. ಗ್ರಂಥಪಾಲಕ ಮಡಿವಾಳೆಪ್ಪ ಸರ್ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೇಲೊಂದು ಬಟ್ಟೆಯ ಮುಸುಕು ಹಾಕಿದರು. ಚಪ್ಪಲಿ ಬಿಟ್ಟು ಬರದವರನ್ನು ಅದರ ಹತ್ತಿರ ಸೇರಿಸುತ್ತಿರಲಿಲ್ಲ.

"ಪುಸ್ತಕದಾಗ ಇದ್ದದ್ದು ಪುಸ್ತಕದಾಗ ಐತಿ. ಪುಸ್ತಕಕ್ಕ ಬರದಿದ್ದು ಇದರಾಗ ಇಡೂಣು," ಅಂದರು ಒಂದು ದಿನ. "ಗ್ರಂಥಾಲಯ ಸಪ್ತಾಹಕ್ಕ ಜಿಲ್ಲಾದಿಂದ ಸಾಹೇಬರು ಬರಾವ್ರು ಅದಾರ. ನಿಮ್ಮ ಆಯಿ ಕಥಿ ಹೇಳ್ತಾರಂತಲ್ಲ ತಂಗಿ, ಕರಕೊಂಡ ಬಾ ಅವರನ್ನ."

ಭಾಗೀರಥಿಗೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಆಯಿಯ ದನಿ ಆ ಪೆಟ್ಟಿಗೆಯೊಳಗೆ ದೀಪದ ಹಾಗೆ ಉರಿಯುತ್ತಿರುವುದು ಕಣ್ಣಿಗೆ ಕಟ್ಟಿತು. ರಾಮದುರ್ಗದ ಮಕ್ಕಳು, ಕಿತ್ತೂರಿನ ಮಕ್ಕಳು, ಇನ್ನೂ ಹುಟ್ಟದ ಮಕ್ಕಳು ಬಂದು ಅದರ ಮುಂದೆ ಕೂತಿದ್ದರು.

ಆದರೆ ಆಯಿ ಒಪ್ಪಬೇಕಲ್ಲ.

"ಹಗಲ ಹೊತ್ತಿನಾಗ ಕಥಿ ಹೇಳಿದ್ರ ಕೇಳಿದವರ ಸ್ವಾದರಮಾವ ದಾರಿ ತಪ್ಪತಾನಬೇ. ನಾ ಒಲ್ಲೆ."

"ರಾತ್ರಿ ಲೈಬ್ರರಿ ಮುಚ್ಚಿರತೈತಿ ಆಯಿ. ಕರೆಂಟೂ ಇರೂದಿಲ್ಲ."

"ಹಂಗಾರ ಅಲ್ಲೇ ರಾತ್ರಿ ಮಾಡ್ರಿ."

ಮಾಡಿದರು. ಗ್ರಂಥಾಲಯಕ್ಕೆ ರಜೆಯಿದ್ದ ಸೋಮವಾರ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಯಿಂದ ಬೆಳಕು ಬರುವಲ್ಲಿ ಕಂಬಳಿ ಜೋತುಬಿಟ್ಟು, ಮಡಿವಾಳೆಪ್ಪ ಸರ್ ಖುದ್ದಾಗಿ ಒಂದು ಕತ್ತಲೆ ತಯಾರಿಸಿದರು. ಆಯಿ ಮೈಕನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದಳು.

"ಇದು ಹೂಂ ಅಂತತೇನ?"

"ಇಲ್ಲ ಆಯಿ, ಇದು ಬರೇ ಕೇಳತೈತಿ."

"ಬರೇ ಕೇಳಾವ್ರು ನಮಗ ಬ್ಯಾಡ. ಸೀತೀನ್ನ ಕರಸು."

ಸೀತವ್ವ ಹೊಲದಿಂದಲೇ ಬಂದಳು, ಸೆರಗಿನಲ್ಲಿ ಹುಲ್ಲಿನ ಎಸಳು ಸಿಕ್ಕಿಸಿಕೊಂಡು. ಕುರ್ಚಿ ಕೊಟ್ಟರೆ ಕೂರಲಿಲ್ಲ. "ಕುರ್ಚಿ ಮ್ಯಾಲ ಕುಂತ್ರ ನನಗ ಹೂಂ ಹೊರಗ ಬರೂದಿಲ್ಲರಿ ಸಾಹೇಬ್ರ," ಎಂದು ಬಾಗಿಲ ಬಳಿ ನೆಲದ ಮೇಲೆ ಕೂತಳು. ಆಯಿ ಸ್ವಾದರಮಾವನ ಮಾತೆತ್ತಿದಾಗ ನಕ್ಕಳು. "ನನ್ನ ಸ್ವಾದರಮಾವ ಸತ್ತು ಯಾವ ಕಾಲ ಆತು. ಮ್ಯಾಲಿನ ದಾರಿ ತಪ್ಪಿ ಹೊಳ್ಳಿ ಬಂದ್ರ ಛಲೋನ ಆತಲ್ಲ. ನೀ ಹೇಳ."

ಆಯಿ ಹೇಳಿದಳು. ಬೆನ್ನು ಹತ್ತಿ ಬಂದ ಬಾವಿಯ ಕಥೆ. ಒಂದೂರಿನಲ್ಲಿ ಒಬ್ಬ ಸೊಸೆ. ಊರವರೆಲ್ಲ ಬಾವಿಗೆ ದಡಕ್ಕನೆ ಕೊಡ ಬಿಡುತ್ತಿದ್ದರೆ ಇವಳೊಬ್ಬಳು ಬಗ್ಗಿ, "ಯಪ್ಪಾ ಬಾವೀ, ಇಳಸಲೇನ?" ಎಂದು ಕೇಳಿ ಇಳಿಸುತ್ತಿದ್ದಳು. ಅತ್ತೆ ಅವಳನ್ನು ಮನೆಯಿಂದ ಹೊರಗೆ ಹಾಕಿದ ದಿನ ಆ ಬಾವಿ, ತನ್ನ ಕಲ್ಲು, ಮೆಟ್ಟಿಲು, ಮೀನು ಎಲ್ಲ ಹೊತ್ತುಕೊಂಡು ಎದ್ದು ಅವಳ ಬೆನ್ನು ಹತ್ತಿತು. ಸೀತವ್ವ ಬರೀ ಹೂಂ ಅಂದು ಸುಮ್ಮನಿರುವ ಪೈಕಿ ಅಲ್ಲ. "ಹೂಂ, ಆ ಅತ್ತಿ ನಾಲಿಗಿಗೆ ಹುಳ ಬೀಳ್ಲಿ." "ಹೂಂ, ಕೂಸಿಗೆ ಒಂದ ರೊಟ್ಟಿ ಆದ್ರೂ ಕಟ್ಟಿಕೊಟ್ಲೇನ ರಂಡಿ?" ಅವಳ ದನಿ ಕೊಡದ ತಳದಿಂದ ಬಂದ ಹಾಗೆ ದಪ್ಪಗೆ, ಒಡಕಾಗಿ ಬರುತ್ತಿತ್ತು. ನಡುವೆ ಎಲೆಯಡಿಕೆ ಜಗಿಯುವ ಸಪ್ಪಳ ಬೇರೆ.

ಮುಗಿದ ಮೇಲೆ ಭಾಗೀರಥಿ ಅದನ್ನೇ ಹಚ್ಚಿ ಕೇಳಿಸಿದಳು. ಸೀತವ್ವ ಸೆರಗು ಬಾಯಿಗೆ ಒತ್ತಿ, "ಅಯ್ಯ ಶಿವನ, ನನ್ನ ದನಿ ಹಿಂಗ ಐತೇನ? ಎಮ್ಮಿ ಒದರಿದಂಗ!" ಅಂದಳು.

"ಇಷ್ಟ ವರ್ಷದಿಂದ ನಾ ಕೇಳಾಕತ್ತೇನಿ, ನಿನಗ ಇವತ್ತ ಗೊತ್ತಾತು," ಅಂದಳು ಆಯಿ. ಕಂಬಳಿಯ ಕತ್ತಲೆಯಲ್ಲಿ ಇಬ್ಬರೂ ಕೆಮ್ಮು ಬರುವ ತನಕ ನಕ್ಕರು.

ಮರುದಿನ ಓದುಗರ ಮುಂದೆ ಮಡಿವಾಳೆಪ್ಪ ಸರ್ ಕಥೆ ಹಚ್ಚಿಸಿದರು. ಪೇಪರು ಓದುತ್ತ ಕೂತವರು, ಪರೀಕ್ಷೆಗೆ ಓದಲು ಬಂದ ಕಾಲೇಜಿನವರು ಸುತ್ತ ನೆರೆದರು. ಆಯಿಯ ದನಿಗೆ ತಲೆದೂಗಿದವರು ಸೀತವ್ವನ ಮೊದಲ ಹೂಂಗೆ ಕಿಸಕ್ಕೆಂದರು. ಎರಡನೆಯದಕ್ಕೆ ಜೋರಾಗಿ ನಕ್ಕರು. ದಿನಾ ಬಂದು ಪೇಪರಿನ ಕೊನೆಯ ಸಾಲಿನ ತನಕ ಓದುವ ನಿವೃತ್ತ ಗುಮಾಸ್ತ ಶಟ್ಟೆಪ್ಪ ಕನ್ನಡಕ ಏರಿಸಿ, "ಅಜ್ಜೀದು ರೇಡಿಯೋದಾಗಿನ ದನಿ ಇದ್ದಂಗ ಐತಿ. ನಡುವ ಅದ್ಯಾರವಾ, ಹಲ್ಲ ಬ್ಯಾನಿ ಹತ್ತಿದಾಕಿ?" ಅಂದ. ನಗೆಯೋ ನಗೆ. ಭಾಗೀರಥಿಯ ಕಿವಿ ಬಿಸಿಯಾದವು.

ಒಬ್ಬ ಹುಡುಗಿ ಕೇಳಿದಳು, "ನಿಮ್ಮ ಮನಿಯಾವ್ರೇನಕ್ಕ ಅವರು?"

"ಅಲ್ಲಲ್ಲ," ಅಂದಳು ಭಾಗೀರಥಿ. "ನಮ್ಮ ಮನಿ ಕೆಲಸಕ್ಕ ಬರ್ತಾಳ."

ಆ ಮಾತು ಯಾರೂ ತಳ್ಳದೆ ತಾನಾಗಿ ಹೊರಗೆ ಬಿದ್ದಿತ್ತು. ಅದರ ವೇಗಕ್ಕೆ ಅವಳಿಗೇ ಒಂದು ಗಳಿಗೆ ದಿಗಿಲಾಯಿತು. ಆಮೇಲೆ ಆ ದಿಗಿಲನ್ನೂ ಮಡಚಿ ಎಲ್ಲೋ ಇಟ್ಟಳು.

ಮಧ್ಯಾಹ್ನ ಓದುಗರು ಊಟಕ್ಕೆ ಹೋದಾಗ ಅವಳು ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ದನಿಯೆಲ್ಲ ಹಸಿರು ಗೆರೆಯಾಗಿ ಹರಡಿಕೊಂಡಿತ್ತು. ಆಯಿಯ ಮಾತು ಉದ್ದಕ್ಕೂ ಗುಡ್ಡದ ಸಾಲು. ಎರಡು ಗುಡ್ಡಗಳ ನಡುವಿನ ಬಯಲಿನಲ್ಲಿ ಒಂದೊಂದು ಹುತ್ತ. ಆ ಹುತ್ತಗಳೇ ಸೀತವ್ವ. ಮೌಸಿನಿಂದ ಹುತ್ತದ ಮೇಲೆ ಒಂದು ನೆರಳು ಎಳೆದು ಗುಂಡಿ ಒತ್ತಿದರೆ ಹುತ್ತ ಮಾಯವಾಗಿ ಎರಡೂ ಗುಡ್ಡ ಬಂದು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಎಷ್ಟು ಸಲೀಸು! ಅಕ್ಕಿಯೊಳಗಿನ ಹರಳು ಆರಿಸಿದಷ್ಟು ಸಲೀಸು. ಆಯಿಯ ಕಥೆ ಚೊಕ್ಕವಾಗುತ್ತ ಹೋದಂತೆ ಅವಳಿಗೆ ಖುಷಿಯೇ ಆಯಿತು. ಹಳೆಯದರ ಮೇಲೆಯೇ ಹೊಸದನ್ನು ಉಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಹೌದು ಅಂದಳು. ಅದು ಮತ್ತೊಮ್ಮೆ ಕೇಳಲಿಲ್ಲ.

ಸಪ್ತಾಹಕ್ಕೆ ಬಂದ ಸಾಹೇಬರು ಕೇಳಿ, "ಎಷ್ಟು ಸ್ವಚ್ಛವಾಗಿ ಬಂದಿದೆ!" ಎಂದು ಅವಳ ಕೈಗೆ ಹೂಗುಚ್ಛ ಕೊಟ್ಟರು. ಆ ಹೂಗಳನ್ನು ಮನೆಗೆ ತಂದಾಗ ಸೀತವ್ವ ಕಟ್ಟೆಯ ಮೇಲಿದ್ದಳು. "ನಮ್ಮ ಕಥಿ ಹಿಡಸಿತೇನ ಅವರಿಗೆ?" ಎಂದು ಕೇಳಿದಳು. ನಮ್ಮ ಕಥಿ. ಭಾಗೀರಥಿ ಹೂಗಳಿಗೆ ನೀರು ತರುವ ನೆವ ಮಾಡಿ ಒಳಗೆ ಹೋದಳು.

ಸಂಕ್ರಮಣ ಮುಗಿದು ಜೋಳ ಕೊಯ್ಯುವ ಹೊತ್ತಿಗೆ ಸೀತವ್ವ ಹೋದಳು. ಜ್ವರವಿಲ್ಲ, ನರಳಾಟವಿಲ್ಲ. ಬದುವಿನ ಮೇಲೆ ತಲೆಯಡಿ ಸಿಂಬಿ ಇಟ್ಟುಕೊಂಡು ಮಲಗಿದವಳು ಮೇಲೇಳಲಿಲ್ಲ. ಆಯಿ ಅಳಲಿಲ್ಲ. ಕಥೆಯನ್ನು ಮಾತ್ರ ಬಿಟ್ಟಳು. ಓಣಿಯ ಮಕ್ಕಳು ಬಂದು ದುಂಬಾಲು ಬಿದ್ದರೆ, "ಹೂಂ ಅನ್ನಾಕಿ ಹೋದ್ಲು. ಇನ್ನೇನ ಹೇಳೂದು? ಹೋಗ್ರಿ, ಆಡ್ರಿ," ಎನ್ನುತ್ತಿದ್ದಳು. ಸಂಜೆ ಕಂಬಕ್ಕೆ ಒರಗಿ ಕೂತು ಹೊಸ್ತಿಲ ಆಚೆಗೆ ನೋಡುತ್ತಿದ್ದಳು. ಹಿತ್ತಲ ಗೂಡಿನ ಕಪ್ಪನ್ನು ಒಂದು ದಿನ ತಾನೇ ತೊಳೆದು ಒಳಗೆ ತಂದು, ತನ್ನ ಕಪ್ಪಿನ ಪಕ್ಕದಲ್ಲಿಟ್ಟಳು. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ.

ಆ ರಾತ್ರಿಯ ಊಟದ ಹೊತ್ತಿಗೆ ಅವಳ ಮುಖದಲ್ಲಿ ಇದ್ದಕ್ಕಿದ್ದಂತೆ ಬೆಳಕು ಬಂತು.

"ಭಾಗೂ, ನಿಮ್ಮ ಆ ಡಬ್ಬಿಯೊಳಗ ಸೀತಿ ಅದಾಳಲ್ಲಬೇ?"

ಭಾಗೀರಥಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ನನ್ನ ಕರಕೊಂಡ ಹೋಗ. ನನ್ನ ಕಥಿ ಏನ ಕೇಳ್ಲಿ ನಾನು, ನನಗ ಗೊತ್ತಿದ್ದದ್ದ ಐತಿ. ಆಕೀದೊಂದ ಹೂಂ ಕೇಳಿ ಬರತೇನಿ."

"ಈಗ... ಈಗ ಆಗೂದಿಲ್ಲ ಆಯಿ. ಕಂಪ್ಯೂಟರಿಗೆ ವೈರಸ್ ಬಂದೈತಿ."

"ಅಂದ್ರ?"

"ಅಂದ್ರ ಅದಕ್ಕ ಆರಾಮ ಇಲ್ಲ."

"ಅಯ್ಯ ಪಾಪ," ಅಂದಳು ಆಯಿ. "ಬಂಡಿಗಟ್ಲೆ ಮಾತು ಹೊಟ್ಟ್ಯಾಗ ಇಟಗೊಂಡೈತಿ, ಆರಾಮ ತಪ್ಪಲಾರದ ಏನ ಮಾಡೀತು."

ಅಂದಿನಿಂದ ದಿನಾ ಸಂಜೆ ಅದೇ ವಿಚಾರಣೆ. "ಇವತ್ತ ಹೆಂಗೈತಿ ಅದರ ಪ್ರಕೃತಿ?" ಭಾಗೀರಥಿ ದಿನಕ್ಕೊಂದು ಹೇಳಿದಳು. ರಿಪೇರಿಯವನು ಧಾರವಾಡದಿಂದ ಬರಬೇಕು. ಬಂದಿದ್ದ, ಸಾಮಾನು ಸಿಗಲಿಲ್ಲ. ಕರೆಂಟು ಇರಲಿಲ್ಲ. ಆಯಿಯ ಕಥೆಗಳನ್ನು ಕೇಳಿ ಬೆಳೆದವಳಿಗೆ ಸುಳ್ಳು ಹೆಣೆಯುವುದಕ್ಕೆ ತಡವಾಗುತ್ತಿರಲಿಲ್ಲ. ಆದರೆ ಈ ಕಥೆಗೂ ಆಯಿಯೇ ಎದುರು ಕೂತು, ನಂಬಿ, "ಹೂಂ" ಅನ್ನುತ್ತಿದ್ದಳು. ಅದನ್ನು ಕೇಳಿದಾಗೆಲ್ಲ ಭಾಗೀರಥಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಗ್ರಂಥಾಲಯದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕಂಪ್ಯೂಟರಿನ ಮೂಲೆ ಮೂಲೆ ಹುಡುಕಿದಳು. ಕ್ಲಾಸಿನ ಮಾಸ್ತರರನ್ನು ಕೇಳಿದಳು. ಅದರ ಮೇಲೆಯೇ ಉಳಿಸಿದ ಮೇಲೆ ಮುಗಿಯಿತು, ಅಂದರು ಅವರು. ಹಳೆಯ ಪ್ರತಿ ಬೇರೆ ಇಟ್ಟುಕೊಳ್ಳಬೇಕಿತ್ತು ಎಂದು ಪಾಠದಲ್ಲಿ ಹೇಳಿಕೊಟ್ಟದ್ದನ್ನು ನೆನಪಿಸಿದರು ಕೂಡ.

ಒಂದು ಬೆಳಿಗ್ಗೆ ಅವಳು ಹೊರಡುವಾಗ ಆಯಿ ಬಾಗಿಲಲ್ಲಿ ತಡೆದಳು. ಕೈಯಲ್ಲಿ ಸಣ್ಣ ಕಾಗದದ ಪೊಟ್ಟಣ.

"ಮಠಕ್ಕ ಹೋಗಿ ಬಸಯ್ಯಸ್ವಾಮಿಗಳ ಕಡೆ ವಿಭೂತಿ ಮಂತ್ರಿಸಿಕೊಂಡ ಬಂದೇನಿ. ಯಾರಿಗೆ ಅಂದ್ರು. ಕಂಪ್ಯೂಟರಿಗೆರಿ, ಅದರೊಳಗ ನನ್ನ ಗೆಳತಿ ಅದಾಳ ಅಂದೆ. ನಕ್ಕರು ಖರೆ, ಕೊಟ್ರು. ಅದರ ಹಣಿಗೆ ಹಚ್ಚು, ಮರೀಬ್ಯಾಡ."

ಪೊಟ್ಟಣವನ್ನು ಭಾಗೀರಥಿ ಚೀಲಕ್ಕೆ ಹಾಕಿಕೊಂಡಳು. ಮಠ ಊರ ಆ ತುದಿಗೆ. ಆಯಿಯ ಮೊಣಕಾಲು ಹಿತ್ತಲಿಗೆ ಹೋಗಿ ಬರುವುದಕ್ಕೇ ಗೊಣಗುತ್ತಿದ್ದವು. ಚೀಲದೊಳಗೆ ವಿಭೂತಿ ಹಗುರಾಗಿತ್ತು. ಆದರೂ ದಾರಿಯುದ್ದಕ್ಕೂ ಚೀಲ ಹಾಕಿಕೊಂಡ ಹೆಗಲು ಭಾರಕ್ಕೆ ಇಳಿಬಿದ್ದಂತೆಯೇ ಇತ್ತು. ಕಂಪ್ಯೂಟರಿಗೆ ಹಚ್ಚಲಿಕ್ಕೂ ಆಗದೆ, ಚೆಲ್ಲಲಿಕ್ಕೂ ಆಗದೆ ಮೇಜಿನ ಖಾನೆಯಲ್ಲಿ, ಪುಸ್ತಕಕ್ಕೆ ಒತ್ತುವ ಮುದ್ರೆಗಳ ನಡುವೆ ಇಟ್ಟಳು.

ಸುಳ್ಳು ಒಡೆದದ್ದು ಸಂತೆಯಲ್ಲಿ. ಬದನೆಕಾಯಿ ಆರಿಸುತ್ತಿದ್ದ ಆಯಿಗೆ ಮಡಿವಾಳೆಪ್ಪ ಸರ್ ಎದುರಾದರು.

"ಅವ್ವಾರ, ನಿಮ್ಮ ಕಥಿ ಕೇಳಾಕ ಯರಗಟ್ಟಿ ಸಾಲಿ ಮಕ್ಕಳೂ ಬಂದು ಹೋದ್ರು ನೋಡ್ರಿ. ನೀವ ಬರ್ಲಿಲ್ಲ?"

"ಅದಕ್ಕ ಆರಾಮ ಆತೇನ್ರಿ?"

"ಯಾರಿಗ್ರಿ?"

"ನಿಮ್ಮ ಡಬ್ಬಿಗ್ರಿ."

"ಅದಕ್ಕೇನಾಗೇತ್ರಿ, ಗುಂಡಕಲ್ಲ ಇದ್ದಂಗ ಐತಿ!"

ಆಯಿ ಬದನೆಕಾಯಿ ಅಲ್ಲೇ ಬಿಟ್ಟಳು. ಸಂತೆಯ ಖಾಲಿ ಚೀಲ ಹಿಡಿದು ಸರ್ ಹಿಂದೆಯೇ ಗ್ರಂಥಾಲಯದ ಮೆಟ್ಟಿಲು ಹತ್ತಿದಳು. ಒಳಗೆ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದ ಭಾಗೀರಥಿ ತಲೆಯೆತ್ತಿದರೆ ಬಾಗಿಲಲ್ಲಿ ಆಯಿ. ಬೆರಳಿಗೆ ಅಂಟಿದ ಗೋಂದು ಒರೆಸಿಕೊಳ್ಳುವುದೂ ಅವಳಿಗೆ ಹೊಳೆಯಲಿಲ್ಲ.

ಆಯಿ ಬಯ್ಯಲಿಲ್ಲ. ಚಪ್ಪಲಿ ಬಿಟ್ಟು ಬಂದು, ಕಂಪ್ಯೂಟರಿನ ಮುಂದಿನ ಕುರ್ಚಿ ಬಿಟ್ಟು, ಸೀತವ್ವ ಕೂತಿದ್ದ ಬಾಗಿಲ ಬಳಿಯ ನೆಲದಲ್ಲಿ ಕೂತಳು. "ಹಚ್ಚರಿ," ಅಂದಳು ಸರ್‌ಗೆ.

ಹಚ್ಚಿದರು. ಓದುಗರು ಪೇಪರು ಮಡಚಿ ಈ ಕಡೆ ತಿರುಗಿದರು. ಆಯಿಯ ದನಿ ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಒಂದೂರಾಗ ಒಬ್ಬಾಕಿ ಸೊಸಿ ಇದ್ಲು. ನೆಲದಲ್ಲಿದ್ದ ಆಯಿ ಕತ್ತು ಕೊಂಕಿಸಿ ಕಾದಳು. ಆಕಿ ನೀರಿಗೆ ಹೋದ್ಲು. ಇನ್ನೂ ಕಾದಳು. ಕಥೆ ಎಲ್ಲೂ ನಿಲ್ಲದೆ, ಉಸಿರು ತೆಗೆದುಕೊಳ್ಳದೆ, ಇಳಿಜಾರಿನ ಬಂಡಿಯ ಹಾಗೆ ಓಡುತ್ತಿತ್ತು. ಬಾವಿ ಎದ್ದಿತು, ಬೆನ್ನು ಹತ್ತಿತು, ಅತ್ತೆಯ ಬಾಯಿ ಒಣಗಿತು, ಮುಗಿಯಿತು.

"ಸೀತಿ ಎಲ್ಲಿ?" ಅಂದಳು ಆಯಿ.

ಮಡಿವಾಳೆಪ್ಪ ಸರ್ ಹಿಗ್ಗಿನಿಂದ, "ಭಾಗೀರಥಿ ಎಲ್ಲಾ ಸ್ವಚ್ಛ ಮಾಡ್ಯಾಳ್ರಿ ಅವ್ವಾರ. ನಡುನಡುವ ಗದ್ದಲ ಇತ್ತಲ್ಲರಿ, ಅಷ್ಟೂ ತಗದಾಳ. ಸಾಹೇಬರು ಭಾಳ ಮೆಚ್ಚಿದ್ರು," ಅಂದರು.

"ಗದ್ದಲ," ಅಂದಳು ಆಯಿ.

ಭಾಗೀರಥಿ ಎದ್ದು ಬಂದು ಅವಳ ಎದುರು ನಿಂತಳು. ಇಷ್ಟು ದಿನ ಹೆಣೆದ ಸುಳ್ಳುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. "ನಾನ ತಗದೆ ಆಯಿ. ಎಲ್ಲಾರೂ ನಕ್ಕರು. ನನಗ ನಾಚಿಕಿ ಆತು."

"ಎಲ್ಲಿ ಇಟ್ಟಿ?"

"ಏನು?"

"ತಗದೆ ಅಂದೆಲ್ಲ. ತಗದದ್ದನ್ನ ಎಲ್ಲಿ ಇಟ್ಟಿ?"

ಮನೆಯಲ್ಲಿ ಆಯಿ ಹಾಗೆಯೇ. ಜೋಳದಿಂದ ತೆಗೆದ ಹರಳೂ ಅಂಗಳದ ಮೂಲೆಗೆ ಹೋಗುತ್ತಿತ್ತು, ಹರಿದ ಸೀರೆ ಕೌದಿಗೆ ಸೇರುತ್ತಿತ್ತು. ತೆಗೆದದ್ದು ಎಲ್ಲೋ ಒಂದು ಕಡೆ ಇದ್ದೇ ಇರಬೇಕು. ಆ ಮುಖದಲ್ಲಿ ಇನ್ನೂ ಆಸೆಯಿತ್ತು. ಭಾಗೀರಥಿಗೆ ಅದನ್ನು ನೋಡಲಾಗಲಿಲ್ಲ.

"ಎಲ್ಲೂ ಇಲ್ಲ ಆಯಿ. ಅದು ಹೋತು."

ಶಟ್ಟೆಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತಲೇ ಇದ್ದ. ಮಡಿವಾಳೆಪ್ಪ ಸರ್ ಕಂಪ್ಯೂಟರಿನ ಮುಸುಕಿನ ಬಟ್ಟೆಯನ್ನು ಮಡಚಿದರು, ಬಿಚ್ಚಿದರು. ಆಯಿ ನೆಲ ನೋಡಿದಳು. ಅಲ್ಲಿ, ಗೋಡೆಯ ಬುಡದಲ್ಲಿ, ಎಲೆಯಡಿಕೆಯ ಒಂದು ಕೆಂಪು ಕಲೆ ಒಣಗಿ ಮಾಸಿತ್ತು. ಯಾರದೆಂದು ಹೇಳುವುದು ಹೇಗೆ? ಅವಳು ಅದರ ಮೇಲೆ ಅಂಗೈ ಇಟ್ಟಳು.

"ಮತ್ತೊಮ್ಮೆ ಹಚ್ಚು," ಅಂದಳು.

ಈ ಸಲ ಭಾಗೀರಥಿ ಹಚ್ಚಿದಳು. ಒಂದೂರಾಗ ಒಬ್ಬಾಕಿ ಸೊಸಿ ಇದ್ಲು.

"ಹೂಂ," ಅಂದಳು ನೆಲದ ಮೇಲಿನ ಆಯಿ.

ಆದರೆ ಡಬ್ಬಿಯೊಳಗಿನ ಸುಂದರವ್ವ ಆ ಹೂಂಗೆ ಕಾಯಲಿಲ್ಲ. ಅದರ ಮೇಲೆ ಕಾಲಿಟ್ಟು ಮುಂದೆ ಓಡಿದಳು. ಆಯಿ ಮತ್ತೊಂದು ಹೂಂ ಅಂದಳು, ಅದೂ ಮಾತಿನ ಕಾಲಡಿಗೆ ಸಿಕ್ಕಿತು. ಮೂರನೆಯದು ಗಂಟಲಲ್ಲೇ ಉಳಿಯಿತು. ತನ್ನದೇ ಕಥೆ, ತನ್ನದೇ ದನಿ, ಒಂದು ಹೂಂ ತೂರಿಸುವಷ್ಟು ಸಂದಿ ಇಲ್ಲ. ಯಾರದೋ ಮನೆಯ ಮುಚ್ಚಿದ ಬಾಗಿಲ ಮುಂದೆ ನಿಂತವಳ ಹಾಗೆ ಆಯಿ ಆ ಪೆಟ್ಟಿಗೆಯನ್ನು ನೋಡಿದಳು.

ಭಾಗೀರಥಿ ಮೌಸು ಹಿಡಿದಳು. ಗೋಂದು ಒಣಗಿದ ಬೆರಳು ಅದಕ್ಕೆ ಅಂಟಿಕೊಂಡಿತು. ಕಥೆಯನ್ನು ಮೊದಲಿಗೆ ತಂದಳು. ಒಂದೂರಾಗ ಒಬ್ಬಾಕಿ ಸೊಸಿ ಇದ್ಲು. ಅಲ್ಲಿಗೆ ಒತ್ತಿ ನಿಲ್ಲಿಸಿದಳು.

"ಹೂಂ," ಅಂದಳು ಆಯಿ.

ಬಿಟ್ಟಳು. ಆಕಿ ನೀರಿಗೆ ಹೋದ್ಲು. ನಿಲ್ಲಿಸಿದಳು.

"ಹೂಂ."

ಹೀಗೆ ಮಾತು ಮಾತಿಗೂ ನಿಲ್ಲಿಸುತ್ತ, ಬಿಡುತ್ತ, ತಾನು ಮುಚ್ಚಿದ ಸಂದಿಗಳನ್ನು ಒಂದೊಂದಾಗಿ ಬೆರಳ ತುದಿಯಿಂದ ತೆರೆಯುತ್ತ ಹೋದಳು. ಸಂದಿಗಳು ತೆರೆದವು. ಒಳಗೆ ಯಾರೂ ಇರಲಿಲ್ಲ. ಒಂದು ಕಡೆ ಆಯಿಯ ಹೂಂ ತಡವಾಯಿತು. ಅವಳು ಕಣ್ಣು ಮುಚ್ಚಿದ್ದಳು. ಆ ಮೌನ ತಾಳಲಾರದೆ ಭಾಗೀರಥಿಯೇ ಮೆಲ್ಲಗೆ, ಹೆಗಲ ಮೇಲೆ ಕೂತು ಕೆಸರು ದಾಟಿದ ದಿನಗಳ ದನಿಯಲ್ಲಿ, "ಹೂಂ" ಅಂದಳು.

ಆಯಿ ಕಣ್ಣು ತೆರೆಯದೆ ಕೈ ಎತ್ತಿದಳು. "ನೀ ಬ್ಯಾಡ."

ಸಿಟ್ಟಿನಿಂದ ಅಂದದ್ದಲ್ಲ. ಆ ಜಾಗದಲ್ಲಿ ಬೇರೆಯವರಿದ್ದಾರೆ, ನೀನು ಕೂರಬೇಡ ಅನ್ನುವ ಹಾಗೆ ಅಂದಳು. ಭಾಗೀರಥಿಯ ಮುಖ, ಕಿವಿ, ಕತ್ತು ಎಲ್ಲ ಸುಟ್ಟುಕೊಂಡಂತಾಯಿತು. ಅಂದು ನಗೆಗೆ ಬಿಸಿಯಾದ ಕಿವಿಗಳೇ ಇವು. ಅಂದಿನ ಉರಿ ಇದರ ಮುಂದೆ ಬರೀ ಬಿಸಿಲು.

ಸುತ್ತ ಓದುಗರಿದ್ದರು. ಎದ್ದು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಬೆರಳನ್ನು ಮೌಸಿನ ಮೇಲಿಟ್ಟುಕೊಂಡು ಆಯಿಯ ತುಟಿಗಳನ್ನು ನೋಡುತ್ತ ಕಾದಳು.

"ಹೂಂ," ಅಂದಳು ಆಯಿ, ಬಹಳ ಹೊತ್ತಿನ ಮೇಲೆ.

ಭಾಗೀರಥಿ ಒತ್ತಿದಳು. ಡಬ್ಬಿಯೊಳಗೆ ಸೊಸೆ ಬಾವಿಯ ಕಟ್ಟೆಯ ಮೇಲೆ ಬಗ್ಗಿ, ಯಪ್ಪಾ ಬಾವೀ, ಇಳಸಲೇನ, ಎಂದು ಕೇಳಿದಳು. ಭಾಗೀರಥಿ ಅಲ್ಲಿಗೆ ನಿಲ್ಲಿಸಿದಳು.